ತಟ್ಟೆಯಲ್ಲಿ ಸೋತ ಫಂಗಸ್ ತೊಡೆಯ ಮೇಲೂ ಸೋಲುತ್ತಾ?

ಪ್ರಶ್ನೆ: ಬೇವು, ತಗಚೆ, ಬೆಳ್ಳುಳ್ಳಿ ರಸಕ್ಕೆ ಗಜಕರ್ಣದ ಫಂಗಸ್ ಸಾಯುತ್ತೆ ಅಂತ ಲ್ಯಾಬಿನಲ್ಲೇ ಗೊತ್ತಾಗಿದೆಯಂತೆ. ಮತ್ತೆ ಡಾಕ್ಟರು ಯಾಕ್ರೀ ಅದನ್ನ ಬರೆದುಕೊಡಲ್ಲ?

ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಈ ಪ್ರಶ್ನೆ ಬರಲೇಬೇಕು. ಬೆವರು, ಬಿಗಿ ಜೀನ್ಸ್, ಇಡೀ ದಿನ ಒದ್ದೆ ತೊಡೆಸಂದಿ. ಗಜಕರ್ಣಕ್ಕೆ ಇನ್ನೇನು ಬೇಕು?

ಲ್ಯಾಬಿನ ಮಾತು ಸುಳ್ಳಲ್ಲ. ಆದರೆ ಅಲ್ಲಿ ನಡೆಯುವುದೇನು ನೋಡಿ. ಎಲೆ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಮೆಥನಾಲ್ ಎಂಬ ಒಂದು ಬಗೆಯ ಆಲ್ಕೋಹಾಲಿನಲ್ಲೋ ನೆನೆಸಿ ಸಾರ ತೆಗೆಯುತ್ತಾರೆ. ಅಗಾರ್ ಎಂಬ ಜೆಲ್ಲಿಯಂಥ ಪದಾರ್ಥ ತುಂಬಿದ ತಟ್ಟೆಯ ಮೇಲೆ ಫಂಗಸ್ ಹರಡಿ, ಸಣ್ಣ ಗುಂಡಿ ಕೊರೆದು ಅದರೊಳಗೆ ಸಾರ ಬಿಡುತ್ತಾರೆ. ಕ್ಯಾಂಡಿಡಾ ಎಂಬ ಇನ್ನೊಂದು ಫಂಗಸ್ ಒಂದೆರಡು ದಿನದಲ್ಲಿ ಬೆಳೆಯುತ್ತದೆ, ಗಜಕರ್ಣ ತರುವ ಟ್ರೈಕೊಫೈಟಾನ್‌ಗೆ ವಾರಗಟ್ಟಲೆ ಕಾಯಬೇಕು. ಗುಂಡಿಯ ಸುತ್ತ ಏನೂ ಬೆಳೆಯದ ಉಂಗುರ ಕಂಡರೆ ಅದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಪೇಪರಿನಲ್ಲಿ ಸುದ್ದಿಯಾಗುವುದು ಸಾಮಾನ್ಯವಾಗಿ ಈ ಉಂಗುರವೇ.

ಉಂಗುರ ದೊಡ್ಡದಾದರೆ ಔಷಧಿ ಜೋರು ಅಂತಲ್ಲ. ನೀರಿನಲ್ಲಿ ಕರಗುವ ಅಂಶ ಅಗಾರ್‌ನಲ್ಲಿ ದೂರ ಹರಡುತ್ತದೆ, ಎಣ್ಣೆಯಂಥದ್ದು ಗುಂಡಿಯ ಪಕ್ಕದಲ್ಲೇ ಕೂರುತ್ತದೆ, ಹಾಗಾಗಿ ಸಪ್ಪೆ ಸಾರ ಮೆರೆದು ಗಟ್ಟಿ ಸಾರ ಸೋತಂತೆ ಕಾಣಬಹುದು. ಇನ್ನೊಂದು, ಮೆಥನಾಲಿಗೇ ಫಂಗಸ್ ಕೊಲ್ಲುವ ಗುಣ ಇದೆ. ಅದಕ್ಕೇ ಒಂದು ಗುಂಡಿಗೆ ಬರೀ ಮೆಥನಾಲ್, ಇನ್ನೊಂದಕ್ಕೆ ಗೊತ್ತಿರುವ ಔಷಧಿ ಹಾಕಿ ಹೋಲಿಸಬೇಕು. ಹೋಲಿಕೆ ಇಲ್ಲದ ಪ್ರಯೋಗವನ್ನು ನಾನಂತೂ ನಂಬುವುದಿಲ್ಲ.

ಮುಂದಿನ ಹಂತದಲ್ಲಿ ಸಾರವನ್ನು ಅರ್ಧ, ಅದರ ಅರ್ಧ ಅಂತ ತೆಳು ಮಾಡುತ್ತಾ, ಎಷ್ಟು ಕಡಿಮೆಯಲ್ಲಿ ಬೆಳವಣಿಗೆ ನಿಲ್ಲುತ್ತದೆ ಎಂದು ನೋಡುತ್ತಾರೆ. ಮಾಮೂಲಿ ಟ್ರೈಕೊಫೈಟಾನ್ ತಡೆಯಲು ಡಾಕ್ಟರು ಕೊಡುವ ಟರ್ಬಿನಾಫಿನ್ ಎಂಬ ಫಂಗಸ್ ಔಷಧಿ ಒಂದು ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ ಕೂಡ ಬೇಡ. ಗಿಡದ ಕಚ್ಚಾ ಸಾರ ಎಷ್ಟೋ ಸಲ ಅದರ ನೂರಾರು ಪಟ್ಟು ಬೇಕಾಗುತ್ತದೆ. ಅದೂ ನಿಂತಿದ್ದು ಬೆಳವಣಿಗೆ ಮಾತ್ರ. ಸತ್ತಿದೆಯೋ ಇಲ್ಲವೋ ತಿಳಿಯಲು ಹೊಸ ತಟ್ಟೆಯಲ್ಲಿ ಮತ್ತೆ ಬೆಳೆಸಿ ನೋಡಬೇಕು.

ಆಮೇಲೆ ಚರ್ಮದ ಪ್ರಶ್ನೆ. ಫಂಗಸ್‌ನ ಜೀವಕೋಶ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶಕ್ಕೇ ಹತ್ತಿರ. ಅದನ್ನು ಕೊಲ್ಲುವುದು ನಮ್ಮನ್ನೂ ಸುಡಬಹುದು. ಹಸಿ ಬೆಳ್ಳುಳ್ಳಿ ಜಜ್ಜಿ ಕಟ್ಟಿಕೊಂಡು ಬೊಬ್ಬೆ ಎದ್ದವರ ಬಗ್ಗೆ ವೈದ್ಯರೇ ಎಷ್ಟೋ ಬಾರಿ ಬರೆದಿದ್ದಾರೆ. ಸಾರ ಚರ್ಮದ ಮೇಲ್ಪದರದೊಳಗೆ ಇಳಿದು ಅಲ್ಲೇ ಉಳಿಯಬೇಕು, ಉಗುರಿನ ಫಂಗಸ್ ಆದರಂತೂ ಇನ್ನೂ ಕಷ್ಟ. ಮಳೆಗಾಲದ ಎಲೆ, ಬೇಸಿಗೆಯ ಎಲೆ ಒಂದೇ ಅಲ್ಲ, ಅಲ್ವಾ? ಪ್ರತಿ ಸಲ ಒಂದೇ ಹದದ ಮುಲಾಮು ಆಗಬೇಕು, ಅದನ್ನು ರೋಗಿಗಳ ಮೇಲೆ ಸಾರ ಹಾಕದ ಬರೀ ಮುಲಾಮಿನ ಜೊತೆ ಹೋಲಿಸಿ ನೋಡಬೇಕು. ಹೆಚ್ಚಿನ ಸಾರಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಡಾಕ್ಟರು ಬರೆದುಕೊಡದಿರುವುದು ಇದಕ್ಕೇ.

ಹಾಗಂತ ಈ ಹುಡುಕಾಟ ದಂಡ ಅಲ್ಲ. ಟರ್ಬಿನಾಫಿನ್‌ಗೆ ಬಗ್ಗದ ಗಜಕರ್ಣ ನಮ್ಮ ದೇಶದಲ್ಲಿ ಈಗ ಜಾಸ್ತಿ. ಅದರ ಹಿಂದಿರುವ ಫಂಗಸ್‌ಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೊಸ ಔಷಧಿ ಬೇಕೇ ಬೇಕು, ಅದು ಗಿಡದಿಂದ ಬಂದರೆ ಬೇಡ ಅನ್ನುವವರು ಯಾರು?

ಬೇವಿನ ಎಲೆ ಹಾಕಿದ ನೀರಲ್ಲಿ ಜಳಕ ಮಾಡುತ್ತೀರಾ, ಮಾಡಿ. ಆದರೆ ಚರ್ಮದ ಡಾಕ್ಟರಿಗೆ ತೋರಿಸಿ, ಸ್ವಲ್ಪ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನನಗೆ ನಿಜಕ್ಕೂ ಹೆದರಿಕೆ ಇರುವುದು ಗಿಡದ ರಸದ ಬಗ್ಗೆ ಅಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆಸಿದ ಕ್ರೀಮಿನ ಬಗ್ಗೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಸುಮ್ನೆ ಹರಡುತ್ತಾ ಹೋಗುತ್ತದೆ. ಮನೆಯಲ್ಲಿ ಅಂಥ ಟ್ಯೂಬ್ ಇದ್ದರೆ ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ಒಯ್ಯಿರಿ.