ತಾಮ್ರದ ಗುರುತು ಹಿಡಿಯುವ ಜೆಲ್

ಮಳೆ ಹಿಡಿಯುವ ಮೊದಲು ತೀರ್ಥಹಳ್ಳಿ, ಹೊಸನಗರದ ತೋಟಗಳಲ್ಲಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತಾರೆ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕೊಳೆರೋಗವೇನೋ ಹತೋಟಿಗೆ ಬರುತ್ತದೆ, ತಾಮ್ರ ಮಾತ್ರ ವರ್ಷದಿಂದ ವರ್ಷಕ್ಕೆ ಮಣ್ಣಿಗೆ ಸೇರುತ್ತಲೇ ಇರುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದರ ಒಂದಂಶ ಕರಗಿ ನೀರಿಗೂ ಇಳಿಯುತ್ತದೆ. ಆ ನೀರಿನಿಂದ ತಾಮ್ರವನ್ನಷ್ಟೇ ಹೆಕ್ಕಲು ಒಂದು ದಾರಿ ಅಚ್ಚೊತ್ತಿದ ಪಾಲಿಮರ್: ತಾಮ್ರದ ಸುತ್ತಲೇ ಉದ್ದ ಅಣುಗಳ ಬಲೆ ಹೆಣೆದು, ಆಮೇಲೆ ತಾಮ್ರವನ್ನು ತೊಳೆದು ತೆಗೆದರೆ ಅದರ ಗುರುತು ಬಲೆಯಲ್ಲಿ ಉಳಿಯುತ್ತದೆ.

ಕಷ್ಟ ಇರುವುದು ತಾಮ್ರವನ್ನೇ ಹೋಲುವ ಸತುವಿನಿಂದ. ನೀರಲ್ಲಿ ಕರಗಿದ ಎರಡೂ ಅಯಾನುಗಳ (ವಿದ್ಯುತ್ ಆವೇಶ ಹೊತ್ತ ಕಣಗಳ) ಆವೇಶ ಒಂದೇ, ತ್ರಿಜ್ಯವೂ 0.73 ಮತ್ತು 0.74 ಆಂಗ್‌ಸ್ಟ್ರಾಂ. ವ್ಯತ್ಯಾಸವಿರುವುದು ಕೈಹಿಡಿಯುವ ಭಂಗಿಯಲ್ಲಿ. ನಾಲ್ಕು ಸಾರಜನಕಗಳು ಒಂದೇ ಸಮತಲದಲ್ಲಿ ಚೌಕದ ಮೂಲೆಗಳಂತೆ ನಿಂತರೆ ತಾಮ್ರಕ್ಕೆ ಒಗ್ಗುತ್ತದೆ. ನಾಲ್ಕು ಕೈ ಸಿಕ್ಕಾಗ ಸತು ಹೆಚ್ಚಾಗಿ ಚತುರ್ಮುಖಿಯನ್ನೇ, ಅಂದರೆ ನಾಲ್ಕು ತ್ರಿಕೋನ ಮುಖಗಳ ಪಿರಮಿಡ್ಡಿನ ಆಕಾರವನ್ನೇ, ಬಯಸುತ್ತದೆ. ಆದ್ದರಿಂದ ತಾಮ್ರದ ಒಂದು ಅಯಾನಿಗೆ ತಾಮ್ರ ಹಿಡಿಯುವ ಸಾರಜನಕವುಳ್ಳ ನಾಲ್ಕು ವಿನೈಲ್ ಇಮಿಡಜೋಲ್ ಅಣುಗಳ ಲೆಕ್ಕದಲ್ಲಿ ಮೊದಲೇ ಕೈ ಹಿಡಿಸಿ, ಆಮೇಲೆ ಸುತ್ತ ಜೆಲ್ ಕಟ್ಟಬೇಕು.

ಜೆಲ್‌ನ ಮೈಗೆ 10 ಮಿ.ಲೀ. ನೀರಲ್ಲಿ 1 ಗ್ರಾಂ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. ಎಳೆ ಹೆಣೆಯಲು ಸುಮಾರು 27 ಮಿ.ಗ್ರಾಂ ಬಿಸ್‌ಅಕ್ರಿಲಮೈಡ್, ಅಂದರೆ ನೂರಕ್ಕೆ ಎರಡು ಅಣು. ಗಟ್ಟಿ ಅಚ್ಚಿನ ಪಾಲಿಮರ್‌ಗಳಲ್ಲಿ ಈ ಹೆಣಿಗೆ ಶೇ. 80ರ ಆಸುಪಾಸು ಇರುತ್ತದೆ. ಅವು ಆಕಾರ ಮರೆಯುವುದಿಲ್ಲ, ಆದರೆ ಮಿಸುಕುವುದೂ ಇಲ್ಲ. ನಮ್ಮ ಜೆಲ್ ಮಿಸುಕಬೇಕು. 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ನೀರು ಉಗುಳಿ ಕುಗ್ಗುತ್ತದೆ, ಚದುರಿದ ಇಮಿಡಜೋಲ್‌ಗಳು ಮತ್ತೆ ಹತ್ತಿರ ಬಂದು ತಾಮ್ರವನ್ನು ಹಿಡಿಯುತ್ತವೆ. ತಣಿದರೆ ಉಬ್ಬಿ, ಹಿಡಿತ ಸಡಿಲಿಸುತ್ತದೆ. ನೆನಪು ಕುಗ್ಗುವಿಕೆಯಲ್ಲೇ ಅಡಗಿದೆ. ಈ ವಿದ್ಯೆಯಲ್ಲಿ ಅತ್ಯಂತ ಸುಂದರವಾದ ಭಾಗ ಅದೇ.

ಕೆಡುವ ಜಾಗಗಳೂ ಇವೆ. ಅಣುಗಳನ್ನು ಸರಪಳಿಯಾಗಿ ಕಟ್ಟುವ ಚುರುಕು ಕಣಗಳಾದ ರ್‍ಯಾಡಿಕಲ್‌ಗಳನ್ನು ಆಮ್ಲಜನಕ ನುಂಗುತ್ತದೆ, ಹಾಗಾಗಿ 20 ನಿಮಿಷ ಸಾರಜನಕ ಹಾಯಿಸಬೇಕು. ತಾಮ್ರವೂ ನುಂಗುತ್ತದೆ, ಅದು ಹೆಚ್ಚಾದರೆ ಜೆಲ್ ಗಂಜಿಯಾಗಿಯೇ ಉಳಿಯುತ್ತದೆ. ಕ್ರಿಯೆಯಲ್ಲಿ ಬಿಸಿ ಏಳುತ್ತದೆ. ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನದಲ್ಲಿ ಮಂಜುಗಡ್ಡೆಯ ಪಾತ್ರೆ ಇಡದಿದ್ದರೆ ಕಟ್ಟುವಾಗಲೇ 32 ದಾಟಿ, ಗಾಜಿನಂತಿರಬೇಕಾದ ಜೆಲ್ ಮೊಸರಿನಂತೆ ಬೆಳ್ಳಗಾಗುತ್ತದೆ. ಕೈಗವಸು ಬಿಡಬೇಡಿ, ಅಕ್ರಿಲಮೈಡ್‌ಗಳು ನರಕ್ಕೆ ವಿಷ.

ಕೊನೆಗೆ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೀಲಿ ಪೂರ್ತಿ ಹೋಗುವ ತನಕ ತೊಳೆಯಬೇಕು. ಒಳಗುಳಿದ ತಾಮ್ರ ಆಮೇಲೆ ಸೋರಿದರೆ ಅದನ್ನೇ ತೋಟದ ತಾಮ್ರವೆಂದು ಓದಿಬಿಡುತ್ತೇವೆ. ತಾಮ್ರವಿಲ್ಲದೆ ಕಟ್ಟಿದ ಜೋಡಿ ಜೆಲ್ ಪಕ್ಕದಲ್ಲಿಲ್ಲದಿದ್ದರೆ ಅಚ್ಚು ಕೆಲಸ ಮಾಡಿತೋ, ಬರೀ ಇಮಿಡಜೋಲ್ ಅಂಟಿಕೊಂಡಿತೋ ಹೇಳಲಾಗದು. ಜೆಲ್‌ನ ಗುಂಡುಗಳು ಸಣ್ಣವಿರಲಿ: ಅಡ್ಡಳತೆ ಹತ್ತನೇ ಒಂದಾದರೆ ಕುಗ್ಗುವ ಸಮಯ ನೂರನೇ ಒಂದಾಗುತ್ತದೆ.

ಇಮಿಡಜೋಲ್ ಬೆರೆತಷ್ಟೂ 32ರ ಗೆರೆ ಮೇಲೆ ಸರಿಯುತ್ತದೆ. ಆಗುಂಬೆಯ ಜುಲೈ ಹಗಲು ಅದರ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಹಳ್ಳದ ನೀರಿನ ಪರೀಕ್ಷೆಗೆ ಜೆಲ್ ಜೊತೆ 40 ಡಿಗ್ರಿಯ ಬಿಸಿನೀರ ತೊಟ್ಟಿಯನ್ನೂ ಒಯ್ಯಬೇಕು.