ಕೋಟಿ ಬೆಲೆಯ ಸ್ಪೀಕರ್, ಬಾಡಿಗೆ ಕೋಣೆ, ನಮ್ಮ ಕಿವಿ

ಮ್ಯೂನಿಕ್‌ನಲ್ಲಿ ಯು6 ರೈಲು ಹಿಡಿದು ಕೀಫರ್ನ್‌ಗಾರ್ಟನ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಎಂಓಸಿ ಅನ್ನುವ ಪ್ರದರ್ಶನ ಕಟ್ಟಡ ಸಿಗುತ್ತದೆ. 2004ರಿಂದ 2025ರವರೆಗೆ, ಕೊರೋನಾ ಅಡ್ಡ ಬಂದದ್ದನ್ನು ಬಿಟ್ಟರೆ, ‘ಹೈ ಎಂಡ್’ ಅನ್ನುವ ಆಡಿಯೋ ಮೇಳ ಇಲ್ಲೇ ನಡೆಯುತ್ತಿತ್ತು. ಮೇಳ ಹುಟ್ಟಿದ್ದು 1982ರಲ್ಲಿ, ಡ್ಯೂಸೆಲ್‌ಡಾರ್ಫ್‌ನಲ್ಲಿ. ಆಮೇಲೆ ಬಹಳ ಕಾಲ ಫ್ರಾಂಕ್‌ಫರ್ಟ್ ಹತ್ತಿರದ ಒಂದು ಹೋಟೆಲ್‌ನಲ್ಲಿ ನಡೆಯಿತು. ಈಗ ಮ್ಯೂನಿಕ್ ಕೂಡ ಮುಗಿಯಿತು, 2026ರಿಂದ ವಿಯೆನ್ನಾಕ್ಕೆ ಜಾಗ ಬದಲಾಗಿದೆ. ನಾನು ಹೋಗಿದ್ದು 2025ರ ಮೇ ತಿಂಗಳಲ್ಲಿ, ಎಂಓಸಿಯ ಕೊನೆಯ ಮೇಳಕ್ಕೆ.

ಕೆಳಗಿನ ಹಾಲ್‌ಗಳಲ್ಲಿ ಹೆಡ್‌ಫೋನ್, ಟರ್ನ್‌ಟೇಬಲ್, ವೈರು, ಎಲ್‌ಪಿ ರೆಕಾರ್ಡ್‌ಗಳ ಮಳಿಗೆಗಳು. ಮೇಲಿನ ಮಹಡಿಗಳಲ್ಲಿ ಸಾಲು ಸಾಲು ಕೋಣೆಗಳು. ಒಂದೊಂದು ಕೋಣೆಯಲ್ಲೂ ಒಂದೊಂದು ಕಂಪನಿ ತನ್ನ ಸ್ಪೀಕರ್, ಆಂಪ್ಲಿಫೈಯರ್ ಜೋಡಿಸಿಟ್ಟು ಹಾಡು ಹಾಕುತ್ತದೆ. ಜೋಡಿಗೆ ಒಂದು ಕೋಟಿ ರೂಪಾಯಿ ದಾಟುವ ಸ್ಪೀಕರ್‌ಗಳು ಇಲ್ಲಿ ಅಪರೂಪವೇನಲ್ಲ. ಜನ ಕಣ್ಣು ಮುಚ್ಚಿ ಕೂತು ಕೇಳುತ್ತಾರೆ, ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ. ಹೊರಗೆ ಬಂದ ಕೂಡಲೇ ತೀರ್ಪು ರೆಡಿ: ‘ಇದು ಅದಕ್ಕಿಂತ ಚೆನ್ನಾಗಿದೆ.’

ಆ ತೀರ್ಪಿನಲ್ಲಿ ಸ್ಪೀಕರ್‌ನ ಪಾಲು ಎಷ್ಟು? ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಮೊದಲು ಕುರ್ಚಿಯ ವಿಷಯಕ್ಕೆ ಬರೋಣ. ಕೋಣೆಯಲ್ಲಿ ಹತ್ತಿಪ್ಪತ್ತು ಕುರ್ಚಿ ಇದ್ದರೂ ಎಲ್ಲರ ಕಣ್ಣು ನಡುವಿನ ಕುರ್ಚಿಯ ಮೇಲೇ ಇರುತ್ತದೆ. ಅದು ಖಾಲಿಯಾದರೆ ಹಿಂದಿನಿಂದ ಯಾರೋ ಒಬ್ಬರು ಹಾರಿ ಬಂದು ಕೂರುತ್ತಾರೆ. ನಮ್ಮೂರ ಬಸ್ ಹತ್ತುವಾಗ ಕಾಣುವ ಚುರುಕು ಜರ್ಮನಿಯಲ್ಲಿ ನಾನು ಕಂಡದ್ದು ಇಲ್ಲಿ ಮಾತ್ರ. ಅವರು ಹಾಗೆ ಮಾಡುವುದರಲ್ಲಿ ತಪ್ಪೇನಿಲ್ಲ. ಸ್ಟೀರಿಯೋ ಅನ್ನುವುದೇ ಕಿವಿಗೆ ಮಾಡುವ ಒಂದು ಮೋಸ. ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಎರಡೂ ಸ್ಪೀಕರ್‌ನಿಂದ ಒಂದೇ ದನಿ, ಒಂದೇ ಜೋರಿನಲ್ಲಿ, ಒಂದೇ ಹೊತ್ತಿಗೆ ಬಂದರೆ ಗಾಯಕಿ ನಡುವೆ ನಿಂತು ಹಾಡುತ್ತಿದ್ದಾಳೆ ಅಂತ ಮಿದುಳು ತೀರ್ಮಾನಿಸುತ್ತದೆ. ಅಲ್ಲಿ ಯಾರೂ ಇಲ್ಲ, ಖಾಲಿ ಗೋಡೆ ಅಷ್ಟೇ.

ಈ ಮೋಸ ನಡೆಯಬೇಕಾದರೆ ‘ಒಂದೇ ಹೊತ್ತಿಗೆ’ ಅನ್ನುವುದು ಮುಖ್ಯ. ಎರಡು ಸ್ಪೀಕರ್ ನಡುವೆ ಎರಡೂವರೆ ಮೀಟರ್ ಅಂತರ ಇದೆ, ನೀವು ಎರಡರಿಂದಲೂ ಅಷ್ಟೇ ದೂರ ಕೂತಿದ್ದೀರಿ ಅಂದುಕೊಳ್ಳಿ. ಈಗ ಬರೀ 30 ಸೆಂಟಿಮೀಟರ್ ಬಲಕ್ಕೆ ಸರಿದು ಕೂತರೆ ಎಡ ಸ್ಪೀಕರ್ ಬಲದ್ದಕ್ಕಿಂತ ಸುಮಾರು 30 ಸೆಂಟಿಮೀಟರ್ ಹೆಚ್ಚು ದೂರವಾಗುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಹಾಗಾಗಿ ಎಡಗಡೆಯ ಸದ್ದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಇಷ್ಟೇ ತಡ ಸಾಕು, ಗಾಯಕಿ ನಡುವಿನಿಂದ ಎದ್ದು ಬಲಗಡೆಯ ಸ್ಪೀಕರ್ ಒಳಗೆ ಹೋಗಿ ಕೂರುತ್ತಾಳೆ. ಮೊದಲು ಬಂದ ಸದ್ದು ಯಾವ ಕಡೆಯಿಂದ ಬಂತೋ ಎಲ್ಲ ಸದ್ದೂ ಆ ಕಡೆಯದ್ದೇ ಅಂತ ಮಿದುಳು ನಂಬುತ್ತದೆ. ಜರ್ಮನಿಯ ಗಟ್ಟಿಂಗನ್‌ನಲ್ಲಿ ಹೆಲ್ಮುಟ್ ಹಾಸ್ 1949ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತಡವಾಗಿ ಬರುವ ಇಂಥ ಸದ್ದುಗಳನ್ನು ವಿವರವಾಗಿ ಪರೀಕ್ಷಿಸಿದ್ದರು. ಅಂದರೆ ಬಾಗಿಲ ಬಳಿ ನಿಂತು ಎರಡು ನಿಮಿಷ ಕೇಳಿ ‘ಸ್ಟೀರಿಯೋ ಚೆನ್ನಾಗಿಲ್ಲ’ ಅಂದವರು ತಾವು ನಿಂತ ಜಾಗದ ವಿಮರ್ಶೆ ಮಾಡಿದಂತಾಯಿತು.

ಸರಿ, ನಡುವಿನ ಕುರ್ಚಿಯೇ ಸಿಕ್ಕಿತು ಅನ್ನಿ. ಆಗಲೂ ಬೇಸ್, ಅಂದರೆ ತಗ್ಗಿನ ಸ್ವರಗಳು, ನಿಮ್ಮ ಮಾತು ಕೇಳುವುದಿಲ್ಲ. ಇದು ಇಡೀ ಮೇಳದ ದೊಡ್ಡ ತಲೆನೋವು, ಮನೆಯಲ್ಲೂ ಅಷ್ಟೇ.

ಶಬ್ದದ ಅಲೆಗೆ ಉದ್ದ ಇರುತ್ತದೆ. ಸೆಕೆಂಡಿಗೆ 34 ಸಲ ಕಂಪಿಸುವ, ಅಂದರೆ 34 ಹರ್ಟ್ಜ್‌ನ ಆಳದ ಬೇಸ್‌ಗೆ ಒಂದು ಅಲೆಯ ಉದ್ದ ಸುಮಾರು 10 ಮೀಟರ್. ಕೋಣೆಯ ಉದ್ದ 5 ಮೀಟರ್ ಇದ್ದರೆ ಸರಿಯಾಗಿ ಅರ್ಧ ಅಲೆ ಎರಡು ಗೋಡೆಗಳ ನಡುವೆ ಹಿಡಿಸುತ್ತದೆ. ಆ ಗೋಡೆಗೆ ಬಡಿದು ಈ ಗೋಡೆಗೆ ಬಂದ ಅಲೆಗಳು ಒಂದರ ಮೇಲೊಂದು ಕೂಡಿಕೊಂಡು ನಿಂತುಬಿಡುತ್ತವೆ. ಗೋಡೆಗಳ ಬಳಿ ಒತ್ತಡ ತುಂಬಾ ಜಾಸ್ತಿ, ಕೋಣೆಯ ಸರಿ ನಡುವೆ ಹೆಚ್ಚುಕಡಿಮೆ ಸೊನ್ನೆ. ಅದೇ ಸ್ಪೀಕರ್, ಅದೇ ಹಾಡು. ಹಿಂದಿನ ಗೋಡೆಗೆ ಒರಗಿ ಕೂತವರಿಗೆ ಎದೆ ನಡುಗುತ್ತದೆ, ಕೋಣೆಯ ನಡುವೆ ಕೂತವರಿಗೆ ಆ ಸ್ವರ ಇದ್ದದ್ದೇ ಗೊತ್ತಾಗುವುದಿಲ್ಲ. ಉದ್ದಕ್ಕೆ ಒಂದು, ಅಗಲಕ್ಕೆ ಒಂದು, ಎತ್ತರಕ್ಕೆ ಒಂದು ಹೀಗೆ ಇಂಥ ಸ್ವರಗಳು ಇರುತ್ತವೆ. 4 ಮೀಟರ್ ಅಗಲಕ್ಕೆ 43 ಹರ್ಟ್ಜ್, 3 ಮೀಟರ್ ಎತ್ತರಕ್ಕೆ 57. ಅವುಗಳ ಎರಡರಷ್ಟು, ಮೂರರಷ್ಟು ಸ್ವರಗಳೂ ಸೇರಿಕೊಳ್ಳುತ್ತವೆ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ ನುಡಿಯುವುದು 41 ಹರ್ಟ್ಜ್‌ನಲ್ಲಿ. ಅಂದರೆ ಕೋಣೆಯ ಈ ಆಟ ನಡೆಯುವುದು ಸರಿಯಾಗಿ ಸಂಗೀತ ಇರುವ ಜಾಗದಲ್ಲೇ.

ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಕಥೆ ಮುಗೀತು. 3 ಮೀಟರ್‌ನ ಚೌಕ ಕೋಣೆಯಲ್ಲಿ 57 ಹರ್ಟ್ಜ್ ಮೂರು ದಿಕ್ಕಿನಿಂದಲೂ ಒಟ್ಟಿಗೇ ಎದ್ದು ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ಹತ್ತಡಿ ಹತ್ತಡಿ ಬೆಡ್‌ರೂಮಿಗೆ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ತಂದಿಟ್ಟವರು ‘ಬರೀ ಗುಂಯ್ ಅನ್ನುತ್ತೆ’ ಅಂತ ದೂರುವುದಕ್ಕೆ ಮುಖ್ಯ ಕಾರಣ ಇದೇ. ಅಮೆರಿಕದ ಮರದ ಚೌಕಟ್ಟಿನ ಮನೆಗಳಲ್ಲಿ ತೆಳು ಗೋಡೆಯೇ ಅಲುಗಾಡಿ ಸ್ವಲ್ಪ ಬೇಸನ್ನು ನುಂಗಿಕೊಳ್ಳುತ್ತದೆ, ಸ್ವಲ್ಪವನ್ನು ಆಚೆ ಬಿಡುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಹಾಗಲ್ಲ. ಬಂದದ್ದನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸುತ್ತವೆ.

ಎಂಓಸಿಯ ಎಷ್ಟೋ ಕೋಣೆಗಳಿಗೆ ಕಾರಿಡಾರ್ ಕಡೆ ಗಾಜಿನ ಗೋಡೆ. ಕಂಪನಿಯವರು ಮೇಳಕ್ಕೆ ಮೊದಲೇ ಬಂದು ಪರದೆ, ಕಾರ್ಪೆಟ್, ಫೋಮ್ ಹಲಗೆ ಎಲ್ಲ ತುಂಬಿಸುತ್ತಿದ್ದರು. ಇವು ಟ್ರೆಬಲ್, ಅಂದರೆ ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ. ಹತ್ತು ಮೀಟರ್ ಉದ್ದದ ಬೇಸ್ ಅಲೆಗೆ ಎರಡು ಇಂಚಿನ ಫೋಮ್ ಲೆಕ್ಕಕ್ಕೇ ಇಲ್ಲ. ಅದಕ್ಕೇ ಅನುಭವಿಗಳು ಅಲಂಕಾರಕ್ಕಿಂತ ಸ್ಪೀಕರನ್ನು ಇಂಚಿಂಚು ಸರಿಸುವುದಕ್ಕೇ ಜಾಸ್ತಿ ಹೊತ್ತು ಕೊಡುತ್ತಾರೆ. ನೆಲದ ಮೇಲೆ ಅಂಟಿಸಿದ ಟೇಪ್ ಗುರುತುಗಳನ್ನು ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಯಾರ ಗಮನಕ್ಕೂ ಬರುವುದಿಲ್ಲ: ಜನರೇ ಶಬ್ದ ನುಂಗುತ್ತಾರೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಫಾಗ್ ಮ್ಯೂಸಿಯಂನ ಉಪನ್ಯಾಸ ಸಭಾಂಗಣದಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಮಾತು ಐದೂವರೆ ಸೆಕೆಂಡ್ ಮಾರ್ದನಿಸುತ್ತಿತ್ತು. ಸರಿಪಡಿಸು ಅಂತ ವ್ಯಾಲೆಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರಜ್ಞನಿಗೆ ವಹಿಸಿದರು. ಆತ ರಾತ್ರಿ ಹೊತ್ತಿನಲ್ಲಿ, ಗದ್ದಲ ಇಲ್ಲದಿರುವಾಗ, ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನಿಂದ ಸೀಟಿನ ಮೆತ್ತೆಗಳನ್ನು ಹೊತ್ತು ತರಿಸಿದ. ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕು ಅಂತ ಅಳೆದ. ಮೆತ್ತೆ ಹೆಚ್ಚಿದಂತೆ ಮಾರ್ದನಿ ಕಡಿಮೆಯಾಯಿತು. ಅದರಿಂದ ಬಂದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಘನ ಮೀಟರ್ ಲೆಕ್ಕದಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಚದರ ಮೀಟರ್ ಲೆಕ್ಕದಲ್ಲಿ ಶಬ್ದ ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ ಮಾರ್ದನಿಯ ಕಾಲ ಸೆಕೆಂಡುಗಳಲ್ಲಿ ಬರುತ್ತದೆ.

ಒಂದು ಅಂದಾಜು ಲೆಕ್ಕ ಹಾಕೋಣ. 5, 4, 3 ಮೀಟರ್‌ನ ಖಾಲಿ ಕೋಣೆ. ಗೋಡೆ, ಟೈಲ್ಸ್, ಛಾವಣಿ ಸೇರಿ 94 ಚದರ ಮೀಟರ್. ಇವು ಬಿದ್ದ ಶಬ್ದದಲ್ಲಿ ಶೇ. 3 ಮಾತ್ರ ಹೀರುತ್ತವೆ ಅಂದುಕೊಂಡರೆ ಮಾರ್ದನಿ ಮೂರು ಸೆಕೆಂಡ್ ದಾಟುತ್ತದೆ. ಕೂತ ಒಬ್ಬ ಮನುಷ್ಯ ಸರಾಸರಿ ಅರ್ಧ ಚದರ ಮೀಟರ್‌ನಷ್ಟು ಶಬ್ದ ಹೀರುತ್ತಾನೆ. ಹದಿನೈದು ಜನ ಬಂದು ಕೂತರೆ ಅದೇ ಮಾರ್ದನಿ ಒಂದು ಸೆಕೆಂಡಿಗೂ ಕೆಳಗಿಳಿಯುತ್ತದೆ. ಗೃಹಪ್ರವೇಶದ ಹಿಂದಿನ ದಿನ ಖಾಲಿ ಮನೆ ಗವಗುಡುತ್ತದೆ, ಮರುದಿನ ನೆಂಟರು ಬಂದು ಕೂತರೆ ಅದು ಹೋಗುತ್ತದೆ, ಅಲ್ವಾ? ಆದರೆ ಜನರ ಮೈ ಮತ್ತು ಬಟ್ಟೆ ನುಂಗುವುದು ಹೆಚ್ಚಾಗಿ ಮೇಲಿನ ಸ್ವರಗಳನ್ನು. ಬೇಸ್ ಹಾಗೇ ಉಳಿಯುತ್ತದೆ. ಹಾಗಾಗಿ ಬೆಳಗ್ಗೆ ನಾಲ್ಕು ಜನ ಇದ್ದಾಗ ಹೊಳೆಯುತ್ತಿದ್ದ ಸ್ಪೀಕರ್ ಮಧ್ಯಾಹ್ನ ಕೋಣೆ ತುಂಬಿದಾಗ ಮಂಕಾಗಿ, ದಪ್ಪಗೆ ಕೇಳುತ್ತದೆ. ಪಾಪ, ಸ್ಪೀಕರ್‌ಗೆ ಏನೂ ಆಗಿರುವುದಿಲ್ಲ.

ವಾಲ್ಯೂಮ್ ಇನ್ನೊಂದು ಬಲೆ. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಮೆಲ್ಲಗೆ ಹಾಕಿದರೆ ಬೇಸ್ ಮಾಯವಾಗುತ್ತದೆ, ಜೋರು ಮಾಡಿದರೆ ಬೇಸ್ ತಾನಾಗಿ ತುಂಬಿಕೊಳ್ಳುತ್ತದೆ. ಶಬ್ದದ ಜೋರನ್ನು ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ. ಒಂದು ಡೆಸಿಬೆಲ್ ಜೋರಾದರೆ ನಾವು ‘ಜೋರಾಯ್ತು’ ಅನ್ನುವುದಿಲ್ಲ. ‘ಸ್ಪಷ್ಟವಾಯ್ತು, ತುಂಬಿಕೊಂಡ ಹಾಗಿದೆ’ ಅನ್ನುತ್ತೇವೆ. ಅದಕ್ಕೇ ಲ್ಯಾಬ್‌ನಲ್ಲಿ ಎರಡು ಆಂಪ್ಲಿಫೈಯರ್ ಹೋಲಿಸುವಾಗ 0.1 ಡೆಸಿಬೆಲ್ ಮಟ್ಟಕ್ಕೆ ಜೋರನ್ನು ಸಮ ಮಾಡುತ್ತಾರೆ. ಮೇಳದಲ್ಲಿ ಯಾರಿಗಿದೆ ಆ ತಾಳ್ಮೆ? ಮೇಲಾಗಿ ಕೇಳಿದ ಸದ್ದಿನ ಸೂಕ್ಷ್ಮ ವಿವರ ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡ್. ಕಾರಿಡಾರ್ ದಾಟಿ ಮುಂದಿನ ಕೋಣೆಗೆ ಹೋಗುವಷ್ಟರಲ್ಲಿ ಅದು ಅಳಿಸಿಹೋಗಿ, ‘ಚೆನ್ನಾಗಿತ್ತು’ ಅನ್ನುವ ಮಾತು ಮಾತ್ರ ಉಳಿದಿರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಮೋಸಗಾರ ಕಣ್ಣು. ಕೆನಡಾದ ಫ್ಲಾಯ್ಡ್ ಟೂಲ್ ದಶಕಗಟ್ಟಲೆ ಸ್ಪೀಕರ್‌ಗಳ ಮೇಲೆ ಸಂಶೋಧನೆ ಮಾಡಿದವರು. ಅವರು ಮತ್ತು ಷಾನ್ ಆಲಿವ್ 1994ರಲ್ಲಿ ಒಂದು ಪ್ರಯೋಗದ ಫಲಿತಾಂಶ ಮುಂದಿಟ್ಟರು. ಹಾರ್ಮನ್ ಎಂಬ ಆಡಿಯೋ ಕಂಪನಿಯ 40 ನೌಕರರಿಗೆ ನಾಲ್ಕು ಸ್ಪೀಕರ್ ಕೇಳಿಸಿ ಅಂಕ ಕೊಡಿ ಅಂದರು. ಒಮ್ಮೆ ಸ್ಪೀಕರ್ ಕಾಣುವಂತೆ, ಇನ್ನೊಮ್ಮೆ ಪರದೆ ಹಿಂದೆ. ಕಾಣುವಾಗ ದೊಡ್ಡ, ದುಬಾರಿ ಸ್ಪೀಕರ್‌ಗಳಿಗೆ ಒಳ್ಳೆಯ ಅಂಕ, ಅಗ್ಗದ ಪುಟ್ಟ ಸ್ಪೀಕರ್‌ಗೆ ಕಡಿಮೆ ಅಂಕ. ಪರದೆ ಎಳೆದ ಮೇಲೆ ಆ ಅಂತರ ಕುಗ್ಗಿತು. ನನಗೆ ತುಂಬಾ ಇಷ್ಟವಾದದ್ದು ಅದರ ಇನ್ನೊಂದು ಭಾಗ. ಸ್ಪೀಕರನ್ನು ಕೋಣೆಯಲ್ಲಿ ಬೇರೆ ಜಾಗಕ್ಕೆ ಸರಿಸಿದರೆ ಸದ್ದು ನಿಜವಾಗಿಯೂ ಬದಲಾಗುತ್ತದೆ. ಪರದೆ ಇದ್ದಾಗ ಜನ ಅದನ್ನು ಗುರುತಿಸಿದರು. ಸ್ಪೀಕರ್ ಕಣ್ಣಿಗೆ ಕಾಣುತ್ತಿದ್ದಾಗ ಆ ವ್ಯತ್ಯಾಸ ಅವರ ಅಂಕಗಳಲ್ಲಿ ಹೆಚ್ಚು ಕಾಣಲೇ ಇಲ್ಲ. ಕಣ್ಣು ಇಲ್ಲದ್ದನ್ನು ಸೇರಿಸುವುದಷ್ಟೇ ಅಲ್ಲ, ಇದ್ದದ್ದನ್ನೂ ಮುಚ್ಚಿಹಾಕುತ್ತದೆ.

ವೈರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೇಳದಲ್ಲಿ ತೋಳಿನಷ್ಟು ದಪ್ಪದ ಸ್ಪೀಕರ್ ಕೇಬಲ್‌ಗಳಿವೆ. ಅವು ನೆಲಕ್ಕೆ ತಾಗಬಾರದು ಅಂತ ಪುಟ್ಟ ಪುಟ್ಟ ಸ್ಟ್ಯಾಂಡ್‌ಗಳೂ ಇವೆ. ಮನೆಯ ಪ್ಲಗ್ ಪಾಯಿಂಟ್‌ಗೆ ಎಳೆಯುವ ಎರಡೂವರೆ ಸ್ಕ್ವೇರ್ ತಾಮ್ರದ ವೈರು ಮೂರು ಮೀಟರ್ ದೂರಕ್ಕೆ ಹೋಗಿ ಬರುವುದಕ್ಕೆ ವಿದ್ಯುತ್ತಿಗೆ 0.04 ಓಮ್ ತಡೆ ಒಡ್ಡುತ್ತದೆ. ಸ್ಪೀಕರ್ 8 ಓಮ್. ನಷ್ಟ 0.05 ಡೆಸಿಬೆಲ್‌ಗೂ ಕಡಿಮೆ. ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ಮೇಳವೇ ದಂಡ ಅಂದುಕೊಳ್ಳಬೇಡಿ. ಬೇರೆಲ್ಲೂ ಒಟ್ಟಿಗೆ ಸಿಗದ ಎಂಜಿನಿಯರಿಂಗ್ ಅಲ್ಲಿ ಕಾಣುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಹಾರ್ನ್ ಸ್ಪೀಕರ್‌ಗಳು. ಆಳೆತ್ತರದ ಮರದ ಕಹಳೆಗಳು, ಅವುಗಳ ಪಕ್ಕ ಬಲ್ಬಿನ ಹಾಗೆ ಉರಿಯುವ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್. ಸಾಧಾರಣ ಸ್ಪೀಕರ್ ತನಗೆ ಸಿಕ್ಕ ವಿದ್ಯುತ್ತಿನಲ್ಲಿ ಶೇ. 1ನ್ನೂ ಶಬ್ದ ಮಾಡುವುದಿಲ್ಲ, ಉಳಿದದ್ದು ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಕಾರಣ ಸರಳ. ಗಾಳಿಯನ್ನು ತಳ್ಳುವ ಅದರ ಕೋನ್ ಭಾರ, ಗಾಳಿ ಹಗುರ. ತಳ್ಳಿದರೆ ಗಾಳಿ ಸುಮ್ನೆ ಪಕ್ಕಕ್ಕೆ ಜಾರುತ್ತದೆ. ಗದ್ದೆಯ ಆಚೆ ಇರುವವರನ್ನು ಕೂಗುವಾಗ ಬಾಯಿಯ ಎರಡೂ ಬದಿಗೆ ಕೈ ಹಿಡಿಯುತ್ತೇವಲ್ಲ, ಹಾರ್ನ್ ಮಾಡುವುದು ಅದನ್ನೇ. ಗಾಳಿಗೆ ಜಾರಿಕೊಳ್ಳಲು ಬಿಡದೆ, ಒತ್ತಡವನ್ನು ಮೆಲ್ಲನೆ ಅಗಲವಾಗುವ ದಾರಿಯಲ್ಲಿ ಹೊರಗೆ ಕಳಿಸುತ್ತದೆ. ಆಗ ದಕ್ಷತೆ ಹತ್ತಾರು ಪಟ್ಟು ಏರುತ್ತದೆ. 1930ರ ದಶಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ರೂಪಿಸಿದ 300ಬಿ ವಾಲ್ವ್ ಒಂದೇ ಇದ್ದರೆ ಕೊಡುವುದು ಸುಮಾರು 8 ವ್ಯಾಟ್. ಅಷ್ಟರಲ್ಲೇ ಇಡೀ ಕೋಣೆ ತುಂಬುತ್ತದೆ. ಅದು ಅತ್ಯಂತ ನಿಖರವಾದ ಸದ್ದೇ? ಎಲ್ಲ ಹಾರ್ನ್‌ಗಳ ಬಗ್ಗೆಯೂ ಹಾಗನ್ನಲಾರೆ. ಆದರೆ ಕೇಳುತ್ತಾ ಕೂತವನಿಗೆ ಏಳುವ ಮನಸ್ಸಾಗಲಿಲ್ಲ ಅನ್ನುವುದು ನಿಜ. ಅದರಲ್ಲಿ ನನ್ನ ಕಣ್ಣಿನ ಕೈವಾಡವೂ ಇದ್ದೀತು.

ಖರೀದಿಗೆ ಅಂತಲೇ ಹೋಗುವವರು ತಮಗೆ ಬಾಯಿಪಾಠ ಇರುವ ಹಾಡೊಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಕಂಪನಿಯವರು ಹಾಕುವುದು ಯಾವ ಸ್ಪೀಕರ್‌ನಲ್ಲೂ ಚೆನ್ನಾಗಿ ಕೇಳುವ ಒಂಟಿ ಗಿಟಾರ್, ಒಂಟಿ ಹೆಣ್ಣುದನಿಯನ್ನೇ. ವಾಲ್ಯೂಮ್ ಸ್ವಲ್ಪ ತಗ್ಗಿಸಿ ಅಂತ ಕೇಳಿ, ಸಾಮಾನ್ಯವಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಸ್ ಬಗ್ಗೆ ಮಾತ್ರ ಅಲ್ಲಿ ತೀರ್ಮಾನ ಮಾಡಬೇಡಿ. ಅದು ತೀರ್ಮಾನವಾಗುವುದು ನಿಮ್ಮ ಮನೆಯಲ್ಲೇ.

ಮನೆಗೆ ಒಂದು ಹಳೆಯ ಉಪಾಯವಿದೆ. ಸಬ್‌ವೂಫರ್ ಅನ್ನು ನೀವು ಕೂರುವ ಸೋಫಾದ ಮೇಲೇ ಇಡಿ. ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡುವ ಹಾಡೊಂದನ್ನು ಹಾಕಿ. ಆಮೇಲೆ ಗೋಡೆಯ ಪಕ್ಕದಲ್ಲಿ, ಕಿವಿ ನೆಲದ ಹತ್ತಿರ ಇರುವಂತೆ, ಅಂಬೆಗಾಲಿಟ್ಟು ಇಡೀ ಕೋಣೆ ಸುತ್ತಿ. ಒಂದು ಕಡೆ ಗುಂಯ್ ಅನ್ನುತ್ತದೆ, ಇನ್ನೊಂದು ಕಡೆ ಬೇಸೇ ಇರುವುದಿಲ್ಲ. ಎಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ ಕೇಳುತ್ತವೋ ಸಬ್‌ವೂಫರ್ ಅಲ್ಲಿಡಿ, ನೀವು ಸೋಫಾದಲ್ಲಿ ಕೂರಿ. ಶಬ್ದ ಹುಟ್ಟುವ ಜಾಗ, ಕೇಳುವ ಜಾಗ ಅದಲುಬದಲಾದರೂ ಅವುಗಳ ನಡುವಿನ ದಾರಿ ಒಂದೇ ರೀತಿ ನಡೆದುಕೊಳ್ಳುತ್ತದೆ ಅನ್ನುವುದು ಭೌತಶಾಸ್ತ್ರದ ನಿಯಮ. ಹಾಗಾಗಿ ಆ ಜಾಗದಲ್ಲಿ ಕೇಳಿದ್ದೇ ಸೋಫಾದಲ್ಲೂ ಕೇಳುತ್ತದೆ. ಮನೆಯವರು ಇಲ್ಲದ ಹೊತ್ತು ನೋಡಿಕೊಂಡು ಮಾಡಿದರೆ ಒಳ್ಳೆಯದು.