‘ಗ್ರಾಂ ಪಾಸಿಟಿವ್’ ಎಂದರೆ ಬಣ್ಣ ಹಿಡಿದದ್ದು

ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ನೋಡುವ ಗ್ರಾಂ ಪರೀಕ್ಷೆಯ ಬಗ್ಗೆ ‘ಗ್ರಾಂ ಧನಾತ್ಮಕ (ಪಾಸಿಟಿವ್) ಎಂದು ಬಂದರೆ ಸೋಂಕು ಖಚಿತ’ ಎಂಬ ಅರ್ಥದ ಮಾತನ್ನು ಆರೋಗ್ಯ ಬರಹಗಳಲ್ಲಿ ಮತ್ತೆ ಮತ್ತೆ ಓದಿ ಸಾಕಾಗಿದೆ. ಹಾಗಿದ್ದರೆ ‘ಗ್ರಾಂ ನೆಗೆಟಿವ್’ ಎಂಬ ವರದಿ ಕೈಗೆ ಬಂದವರು ನಿಶ್ಚಿಂತೆಯಿಂದ ಮಲಗಬಹುದೇ? ಕಾಲರಾ, ಟೈಫಾಯ್ಡ್, ಪ್ಲೇಗ್ ಮೂರನ್ನೂ ತರುವುದು ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳೇ.

ಈ ಗ್ರಾಂ ತೂಕದ್ದಲ್ಲ, ಒಬ್ಬ ವೈದ್ಯರ ಹೆಸರು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನಲ್ಲಿದ್ದಾಗ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡಲು ಹೆಣಗುತ್ತಿದ್ದರು. ನೇರಳೆ ಬಣ್ಣ ಹಾಕಿ, ಅಯೋಡಿನ್ ಸೋಕಿಸಿ, ಆಲ್ಕೋಹಾಲಿನಲ್ಲಿ ತೊಳೆದಾಗ ಅಂಗಾಂಶದ ಬಣ್ಣವೆಲ್ಲ ಹೋಯಿತು. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ನೇರಳೆಯಾಗಿಯೇ ಉಳಿದವು. 1884ರಲ್ಲಿ ಅವರು ಪ್ರಕಟಿಸಿದ ವಿಧಾನ ಇದು. ಬಣ್ಣ ಉಳಿಸಿಕೊಂಡವು ಪಾಸಿಟಿವ್, ಬಿಟ್ಟುಕೊಟ್ಟವು ನೆಗೆಟಿವ್. ಇವನ್ನು ಗುಲಾಬಿಯಾಗಿಸುವ ಸ್ಯಾಫ್ರಾನಿನ್ ಎಂಬ ಬಣ್ಣ ಆಮೇಲೆ ಸೇರಿದ್ದು. ‘ಧನಾತ್ಮಕ’ ಎಂದು ಬರೆದ ಕೂಡಲೇ ವಿದ್ಯುದಂಶವೋ ಒಳ್ಳೆಯತನವೋ ಒಳಗೆ ನುಸುಳುತ್ತದೆ. ‘ಗ್ರಾಂ ಬಣ್ಣ ಹಿಡಿಯುವ’ ಎಂದು ಮೊದಲೇ ಕನ್ನಡಿಸಿದ್ದರೆ ಅರ್ಧ ಗೊಂದಲ ಹುಟ್ಟುತ್ತಲೇ ಇರಲಿಲ್ಲ.

ಬಣ್ಣ ನಿಲ್ಲುವುದು ಕೋಶಭಿತ್ತಿಯ ದೆಸೆಯಿಂದ. ಪಾಸಿಟಿವ್ ಗುಂಪಿನಲ್ಲಿ ಪೆಪ್ಟಿಡೋಗ್ಲೈಕಾನ್ (ಭಿತ್ತಿಗೆ ಗಟ್ಟಿತನ ಕೊಡುವ ಬಲೆಯಂತಹ ವಸ್ತು) ಪದರ ದಪ್ಪ. ಆಲ್ಕೋಹಾಲ್ ತಾಗಿದಾಗ ಅದು ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ನೆಗೆಟಿವ್ ಗುಂಪಿನಲ್ಲಿ ಆ ಪದರ ತೆಳು, ಅದರ ಮೇಲೊಂದು ಹೊರಪೊರೆ. ವ್ಯಾಂಕೋಮೈಸಿನ್ ಎಂಬ ಪ್ರತಿಜೀವಕದ ದೊಡ್ಡ ಅಣು ಆ ಹೊರಪೊರೆಯನ್ನು ದಾಟಲಾರದು, ಹಾಗಾಗಿ ಅದು ಬಹುಮಟ್ಟಿಗೆ ಪಾಸಿಟಿವ್ ಗುಂಪಿನ ಮೇಲಷ್ಟೇ ನಡೆಯುವ ಔಷಧ. ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಗೆ ಕಾಯದೆ ವೈದ್ಯರು ಮೊದಲು ಈ ಬಣ್ಣ ಕೇಳುವುದು ಇದಕ್ಕಾಗಿಯೇ.

ಪಾಸಿಟಿವ್ ಗುಂಪಿನಲ್ಲಿ ರೋಗ ತರುವವುಗಳ ಹೆಸರುಗಳಲ್ಲೇ ಚಿತ್ರವಿದೆ. ಸ್ಟ್ಯಾಫಿಲೊಕಾಕಸ್‌ನ ಸ್ಟ್ಯಾಫಿಲೊ ಎಂದರೆ ಗ್ರೀಕಿನಲ್ಲಿ ದ್ರಾಕ್ಷಿಗೊಂಚಲು. ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಹಾಗೆಯೇ. ಸ್ಟ್ರೆಪ್ಟೊಕಾಕಸ್ ಸರಪಳಿ. ಆಂಥ್ರಾಕ್ಸ್ ಎಂದರೆ ಇದ್ದಿಲು, ಚರ್ಮದ ಮೇಲೆ ಅದು ಎಬ್ಬಿಸುವ ಕಪ್ಪು ಹಕ್ಕಳೆಯಿಂದ ಬಂದ ಹೆಸರು. ಧನುರ್ವಾಯು, ಡಿಫ್ತೀರಿಯಾ ತರುವವೂ ಇದೇ ಗುಂಪಿನವು. ಆದರೆ ಆರೋಗ್ಯವಂತರ ಚರ್ಮದ ಮೇಲೂ ಸ್ಟ್ಯಾಫಿಲೊಕಾಕಸ್ ವಾಸವಿರುತ್ತದೆ. ಆದ್ದರಿಂದ ಮಾದರಿಯನ್ನು ಎಲ್ಲಿಂದ ತೆಗೆದರು ಎಂಬುದನ್ನು ಮೊದಲು ಕೇಳಬೇಕು: ಚರ್ಮದಿಂದ ಬಂದದ್ದಕ್ಕೂ ಮಿದುಳುಬಳ್ಳಿಯ ದ್ರವದಲ್ಲಿ ಸಿಕ್ಕದ್ದಕ್ಕೂ ಅಜಗಜಾಂತರ.

ಇನ್ನೊಂದು ತಪ್ಪನ್ನು ಹೇಳದೆ ಬಿಡಲಾರೆ. ಕ್ಷಯದ ಬ್ಯಾಕ್ಟೀರಿಯಾ ಈ ಬಣ್ಣವನ್ನು ಸರಿಯಾಗಿ ಹಿಡಿಯುವುದೇ ಇಲ್ಲ, ಅದರ ಭಿತ್ತಿ ಮೇಣದಂತಹ ಕೊಬ್ಬಿನಿಂದ ತುಂಬಿದೆ. ಅದಕ್ಕೆ ಜೀಲ್-ನೀಲ್ಸನ್‌ನಂತಹ ಬೇರೆಯೇ ಬಣ್ಣ ಬೇಕು. ಕಫದ ಗ್ರಾಂ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದು ಕ್ಷಯವನ್ನು ತಳ್ಳಿಹಾಕುವಂತಿಲ್ಲ.